ನಾಲ್ಕೂವರೆಯ ಗ್ರೈಂಡರ್

ಜುಲೈ 3, ಗುರುವಾರ

ಸ್ಟಾರ್ಟಪ್ ಸ್ಪರ್ಧೆಯಲ್ಲಿ ಇವತ್ತೂ ಸೋತು ಬಂದೆವು. ಪೊವಾಯಿಯ ಆ ಗಾಜಿನ ಕಟ್ಟಡದಲ್ಲಿ ಎ.ಸಿ. ಎಷ್ಟು ಜೋರಾಗಿತ್ತೆಂದರೆ, ಮಳೆಯಲ್ಲಿ ನೆನೆದ ಸಲ್ವಾರ್ ಮೈಮೇಲೆಯೇ ಮಂಜುಗಡ್ಡೆಯಾಯಿತು. ನನ್ನ ಪಾಲುದಾರ ಅಮೋಲ್ ಸ್ಲೈಡ್ ಬದಲಿಸಿದ, ನಾನು ಮಾತಾಡಿದೆ. "ನಮ್ಮ ಕಂಪನಿಯ ಹೆಸರು ನಾಡಿ. ಯಂತ್ರಕ್ಕೆ ಈ ಪುಟ್ಟ ಡಬ್ಬಿ ಅಂಟಿಸಿದರೆ ಸಾಕು, ಅದು ಕೆಡುವ ಮೊದಲೇ ನಿಮ್ಮ ಫೋನಿಗೆ ತಿಳಿಸುತ್ತದೆ." ಕುಳಿತು ಕೇಳುತ್ತಿದ್ದವರಲ್ಲಿ ಒಬ್ಬ, ನನಗಿಂತ ಚಿಕ್ಕವನು, ಎಷ್ಟು ಜನ ಕೊಂಡಿದ್ದಾರೆ ಎಂದು ಕೇಳಿದ. "ಕೆಲವು ಕಡೆ ಪ್ರಯೋಗ ನಡೆಯುತ್ತಿದೆ" ಎಂದೆ. ಅವನು ನಕ್ಕ. ಪ್ರಯೋಗವೆಂದರೆ ಪುಕ್ಕಟೆ ಕೊಟ್ಟದ್ದು ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಗೆದ್ದವರು ಮನೆಮನೆಯ ನಾಯಿಗಳಿಗೆ ಊಟ ಕಳಿಸುವವರು. ನಾಯಿಗೂ ಗಿರಾಕಿಯ ಭಾಗ್ಯ ಬಂತು, ನಮ್ಮ ಡಬ್ಬಿಗೆ ಮಾತ್ರ ಒಬ್ಬನೂ ಇಲ್ಲ. ಹೊಟ್ಟೆ ಉರಿಯಿತು. ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನು.

ಇವತ್ತಿನ ಪಾಠ: ಸೋಲನ್ನು ಪ್ರೀತಿಸಬೇಕಂತೆ. ವೆಬಿನಾರ್‌ನಲ್ಲಿ ಇದನ್ನು ಹೇಳಿದ ಮಹಾಶಯರು ಎರಡು ಕಂಪನಿ ಕಟ್ಟಿ ಮಾರಿದವರು. ಅವರಿಗೇನು, ಪ್ರೀತಿಸುತ್ತಾರೆ.

ಜುಲೈ 6, ಭಾನುವಾರ

ಅಮೋಲ್ ಬಿಟ್ಟು ಹೋಗುತ್ತಿದ್ದಾನೆ. ಪುಣೆಯಲ್ಲಿ ನೌಕರಿ ಸಿಕ್ಕಿದೆ, ಹೆಂಡತಿಗೆ ಈಗ ಆರು ತಿಂಗಳು. ಬಟಾಟಾವಡೆಯ ಪೊಟ್ಟಣ ಹಿಡಿದು ಧಾರಾವಿಯ ನಮ್ಮ ಆಫೀಸಿನ ಕೋಣೆಗೆ ಬಂದ. ಅದನ್ನು ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಒಳ್ಳೆಯ ಸುದ್ದಿಯಿದ್ದಾಗ ಅವನು ಯಾವತ್ತೂ ತಿಂಡಿ ತಂದವನಲ್ಲ.

ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಒಟ್ಟಿಗಿದ್ದವರು ನಾವು. ವಾಷಿಂಗ್ ಮಷಿನ್ ಗುರ್ ಎನ್ನದಂತೆ, ಕುಣಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದರ ಸರ್ಕಿಟ್ ಅವನದು. ಹೋದ ವರ್ಷ ಇಬ್ಬರೂ ಒಂದೇ ದಿನ ರಾಜೀನಾಮೆ ಕೊಟ್ಟು, ಗೇಟಿನ ಹೊರಗೆ ನಿಂತು ಫೋಟೋ ತೆಗೆದು ಹಾಕಿದ್ದೆವು. ಆ ಫೋಟೋಗೆ ಬಂದಷ್ಟು ಲೈಕ್ ನಮ್ಮ ಡಬ್ಬಿಗೆ ಯಾವತ್ತೂ ಬರಲಿಲ್ಲ.

ನಾನು ಕೂಗಾಡಲಿಲ್ಲ. "ಹೋಗು, ಮಗುವಿನ ಹೆಸರು ನಾಡಿ ಅಂತ ಮಾತ್ರ ಇಡಬೇಡ" ಎಂದೆ. ಅವನು ನಕ್ಕು ಕಣ್ಣು ಒರೆಸಿಕೊಂಡ. ಅವನು ಹೋದ ಮೇಲೆ ಕೋಣೆಯಲ್ಲಿ ಕುಳಿತು ಅವನ ಪಾಲಿನ ವಡೆಯನ್ನೂ ನಾನೇ ತಿಂದೆ. ಕೆಳಗೆ ಗುರಲಿಂಗಪ್ಪನವರ ವೆಲ್ಡಿಂಗ್ ಅಂಗಡಿ. ಕೋಣೆಯೂ ಅವರದೇ. ಅವರು ಕಬ್ಬಿಣದ ಏಣಿಯ ಬುಡದಿಂದ ತಲೆಯೆತ್ತಿ ಕೇಳಿದರು: "ಯಾಕ ತಂಗಿ, ಆ ಹುಡುಗ ಅಳಕೋತ ಇಳದು ಹೋದ? ಬೈದೇನು?"

ಪಾಠ: ಒಳ್ಳೆಯ ಸಹಸ್ಥಾಪಕ ಅರ್ಧ ಕಂಪನಿಗೆ ಸಮ. ಹಾಗಾದರೆ ಇವತ್ತಿನಿಂದ ನನ್ನ ಹತ್ತಿರ ಉಳಿದದ್ದು ಅರ್ಧ.

ಜುಲೈ 9, ಬುಧವಾರ

ವೈಶಾಲಿ ಮೇಡಂ ಫೋನ್ ಮಾಡಿದ್ದರು. ವಿಕ್ರೋಳಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು. ನನ್ನ ಹಳೆಯ ಜಾಗ ಖಾಲಿಯಾಗಿದೆಯಂತೆ, ಸಂಬಳ ಮೊದಲಿಗಿಂತ ಹೆಚ್ಚು. "ಸೌಮ್ಯಾ, 31ನೇ ತಾರೀಕಿನೊಳಗೆ ಹೇಳು. ಅದಾದ ಮೇಲೆ ನನ್ನ ಕೈಯಲ್ಲಿಲ್ಲ" ಎಂದರು. ಹೀಯಾಳಿಸಲಿಲ್ಲ. ಹೀಯಾಳಿಸಿದ್ದರೆ ಆಗಲೇ ಒಲ್ಲೆ ಎನ್ನುವುದು ಸುಲಭವಾಗುತ್ತಿತ್ತು.

ಡೊಂಬಿವಲಿಯ ಮನೆಯಲ್ಲಿ ಅವ್ವನಿಗೆ ನಾನು ಹೇಳುವ ಮೊದಲೇ ಗೊತ್ತಾಗಿತ್ತು. ನಾನು ಫೋನಿನಲ್ಲಿ ಮಾತಾಡುವಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಕರದು ನೌಕರಿ ಕೊಡಾಕತ್ತಾರ. ಒಲ್ಲೆ ಅಂತೀಯೇನು?"

"ಇನ್ನೂ ಏನೂ ಅಂದಿಲ್ಲವ್ವಾ."

"ಮತ್ತ ಮುಖ ಯಾಕ ಹಂಗ ಮಾಡೀ? ಕೆಲಸ ಕೊಡತೀನಿ ಅಂದ್ರ ಅಳೂ ಮಂದೀನ ನಾ ಇವತ್ತ ನೋಡಿದ್ನಿ."

ನಾನೇ ಒಂದು ಗಡುವು ಹಾಕಿಕೊಂಡೆ. 31ರೊಳಗೆ ನನ್ನ ಕೆಲಸವನ್ನು ಹಣ ಕೊಟ್ಟು ಇಟ್ಟುಕೊಳ್ಳುವ ಒಬ್ಬ ಗಿರಾಕಿಯಾದರೂ ಸಿಗಬೇಕು. ಸಿಗದಿದ್ದರೆ ಬೀಗ ಹಾಕಿ ವಿಕ್ರೋಳಿಗೆ ಹೋಗುವುದು.

ಪಾಠ ಇಲ್ಲ. ತಲೆನೋವು ಇದೆ.

ಜುಲೈ 11, ಶುಕ್ರವಾರ

ದಾದರ್ ಹೂವಿನ ಮಾರ್ಕೆಟ್ಟಿನ ಹಿಂದಿನ ಒಂದು ಉಡುಪಿ ಹೋಟೆಲಿಗೆ ಡಬ್ಬಿ ಹಿಡಿದು ಹೋದೆ. ನಾಲ್ಕು ಮಹಡಿಯ ಹಳೆಯ ಬಿಲ್ಡಿಂಗ್, ಕೆಳಗೆ ಹೋಟೆಲು, ಮೇಲೆ ಮನೆಗಳು. ನಡೆಸುವವರು ವಾರಿಜಾ ಅಕ್ಕ, ಗಂಡ ತೀರಿಕೊಂಡ ಮೇಲೆ ಗಲ್ಲಾದಲ್ಲಿ ಕುಳಿತವರು. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಎಂತ ಮಾಡ್ತದೆ?"

"ಗ್ರೈಂಡರ್ ಸದ್ದು ಹೆಚ್ಚಾದ್ರ, ನಡುಗಾಕತ್ತಿದ್ರ, ನಿಮ್ಮ ಫೋನಿಗೆ ಮೆಸೇಜ್ ಬರತೈತ್ರಿ ಅಕ್ಕಾ."

"ಸದ್ದು ಹೆಚ್ಚಾದ್ರೆ ಮೇಲಿನ ಮನೆಯವ್ರು ಇಳಿದು ಬಂದು ಹೇಳ್ತಾರೆ ಮಾರಾಯ್ತಿ. ಅದಕ್ಕೆ ಅವರು ಹಣ ಕೇಳುದಿಲ್ಲ."

ಅಡುಗೆಮನೆಯ ಕಡೆಯಿಂದ ನಗು ಕೇಳಿಸಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಾಗ ಅವರು ಕಾಫಿ ತರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. ಇಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ವಡೆಯ ಹಿಟ್ಟು, ಚಟ್ನಿ ರುಬ್ಬಲೇಬೇಕು. ಹೂವಿನವರು, ಪೇಪರಿನವರು ಆರಕ್ಕೆಲ್ಲ ತಿಂಡಿಗೆ ಬರುತ್ತಾರೆ. ಆ ಸದ್ದಿಗೆ ಮೇಲಿನವರಿಗೆ ನಿದ್ದೆಯಿಲ್ಲ. 27ರ ಭಾನುವಾರ ಬಿಲ್ಡಿಂಗಿನ ನಿವಾಸಿಗಳ ಸೊಸೈಟಿಯ ಮೀಟಿಂಗ್ ಇದೆ. ಏಳು ಗಂಟೆಯ ಮೊದಲು ಗ್ರೈಂಡರ್ ಹಚ್ಚಬಾರದು ಎಂದು ಠರಾವು ತರುತ್ತಾರಂತೆ. ಹಾಗಾದರೆ ಬೆಳಗಿನ ವ್ಯಾಪಾರ ಮುಗಿದ ಹಾಗೆಯೇ.

"ಸದ್ದು ಉಂಟು ಅಂತ ಹೇಳುವ ಡಬ್ಬಿ ನನಗೆ ಬೇಡ. ಸದ್ದೇ ಇಲ್ಲದ ಹಾಗೆ ಮಾಡ್ಲಿಕ್ಕೆ ಆಗ್ತದಾ ನಿನ್ನಿಂದ?"

ನೋಡುತ್ತೇನೆ ಎಂದು ಹೇಳಿ ಬಂದೆ. ಇದು ಸ್ಟಾರ್ಟಪ್ ಕೆಲಸವಲ್ಲ, ರಿಪೇರಿ ಕೆಲಸ. ಪೊವಾಯಿಯ ಆ ಹುಡುಗ ಕೇಳಿದರೆ ಏನಂತಾನೋ.

ಪಾಠ: ದೊಡ್ಡದಾಗಿ ಯೋಚಿಸಬೇಕು.

ಜುಲೈ 12, ಶನಿವಾರ

ದೊಡ್ಡದಾಗಿ ಯೋಚಿಸಲು ಕುಳಿತೆ. ಸಂಜೆಯ ಹೊತ್ತಿಗೆ ನೋಡಿದರೆ ಕಾಗದದ ತುಂಬ ಗ್ರೈಂಡರಿನ ಚಿತ್ರಗಳು.

ಜುಲೈ 16, ಬುಧವಾರ

ಇವತ್ತಿನ ಅವಮಾನವನ್ನು ಬರೆದಿಡಲೇಬೇಕು. ವಾಷಿಂಗ್ ಮಷಿನ್‌ಗೆ ಹಾಕುವಂಥ ರಬ್ಬರಿನ ದಪ್ಪ ಪಾದಗಳನ್ನು ತಂದು ಗ್ರೈಂಡರಿನ ಕೆಳಗೆ ಕೊಟ್ಟೆ. ಒಂಬತ್ತು ವರ್ಷದ ಅನುಭವ, ನನಗೆ ಇದೇನು ಮಹಾ ಎಂದುಕೊಂಡಿದ್ದೆ. ಗ್ರೈಂಡರ್ ನೋಡಿಕೊಳ್ಳುವ ದೂಜಣ್ಣ ಸ್ವಿಚ್ ಒತ್ತಿದರು. ಎರಡು ಸುತ್ತು ಸರಿಯಾಗಿ ತಿರುಗಿದ ಗ್ರೈಂಡರ್ ಆಮೇಲೆ ನಡೆಯಲು ಶುರುಮಾಡಿತು. ಹೊಟ್ಟೆ ತುಂಬ ಉದ್ದಿನ ಹಿಟ್ಟು ಇಟ್ಟುಕೊಂಡು, ತುಂಬು ಬಸುರಿಯ ಹಾಗೆ ಅತ್ತಿತ್ತ ತೂಗಾಡುತ್ತ ಕಟ್ಟೆಯ ಅಂಚಿನವರೆಗೆ ಬಂದೇ ಬಿಟ್ಟಿತು. ದೂಜಣ್ಣ ಎರಡೂ ಕೈಯಿಂದ ಅಪ್ಪಿ ಹಿಡಿದು, "ಬಂದ್ ಮಾಡಿ ಮಾರಾಯ್ರೆ, ಬಂದ್ ಮಾಡಿ!" ಎಂದು ಕೂಗಿದರು. ಅವರ ಮೀಸೆಯ ತುಂಬ ಹಿಟ್ಟು.

ಸದ್ದು ಮೊದಲಿಗಿಂತ ಹೆಚ್ಚಾಗಿತ್ತು. ಮೇಲಿನಿಂದ ಹೆಂಗಸೊಬ್ಬರು ಇಳಿದು ಬಂದು, "ಕೆಳಗೆ ಏನು ಭೂಕಂಪ ಮಾಡ್ತಿದ್ದೀರಾ?" ಎಂದು ಮರಾಠಿಯಲ್ಲಿ ಗದರಿದರು. ಮೊದಲನೇ ಮಹಡಿಯ ಜ್ಯೋತ್ಸ್ನಾ ತಾಯಿ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ), ನಿವೃತ್ತ ಶಾಲಾ ಟೀಚರ್. ಠರಾವು ತರುತ್ತಿರುವುದು ಇವರೇ. ವಾರಿಜಾ ಅಕ್ಕ ನನ್ನನ್ನು ತೋರಿಸಿ, "ಸದ್ದು ಕಮ್ಮಿ ಮಾಡ್ಲಿಕ್ಕೆ ಬಂದ ಇಂಜಿನಿಯರ್" ಎಂದು ಪರಿಚಯ ಮಾಡಿಕೊಟ್ಟರು. ಆ ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಜುಲೈ 18, ಶುಕ್ರವಾರ

ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಜ್ಯೋತ್ಸ್ನಾ ತಾಯಿಯ ಮನೆಗೆ ಹೋದೆ. ಕೆಳಗೆ ಚಟ್ನಿ ರುಬ್ಬುವುದು ಇನ್ನೂ ನಡೆದಿತ್ತು. ನಿನ್ನೆ ಫೋನ್ ಮಾಡಿ, ಸದ್ದು ನಿಮಗೆ ಹೇಗೆ ಕೇಳುತ್ತದೆಂದು ನಾನೇ ಕೂತು ಕೇಳಬೇಕು ಎಂದಿದ್ದೆ. "ಇಪ್ಪತ್ತು ವರ್ಷದಲ್ಲಿ ಈ ಮಾತು ಕೇಳಿದವಳು ನೀನೇ ಮೊದಲು" ಎಂದರು, ಬೈದ ಹಾಗೆ.

ನನಗೆ ಆಶ್ಚರ್ಯವಾಯಿತು. ಕಿಟಕಿ ಮುಚ್ಚಿದರೆ ಗ್ರೈಂಡರಿನ ಸದ್ದು ಗಾಳಿಯಲ್ಲಿ ಬರುತ್ತಲೇ ಇಲ್ಲ. ಆದರೆ ಅಡುಗೆಮನೆಯ ಗೋಡೆಗೆ ಕೈಯಿಟ್ಟರೆ ಅದು ಗುಂಯ್ ಎನ್ನುತ್ತದೆ, ಸ್ಟ್ಯಾಂಡಿನಲ್ಲಿ ತೂಗುಹಾಕಿದ ಚಮಚಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಮಂಚದ ಕಾಲಿನಿಂದ ಹತ್ತಿ ದಿಂಬಿನೊಳಗೆ ಬರುತ್ತದೆ. ಕೆಳಗೆ ಗ್ರೈಂಡರ್ ಕೂತ ಕಲ್ಲಿನ ಕಟ್ಟೆಯನ್ನು ಬಿಲ್ಡಿಂಗಿನ ಕಂಬಕ್ಕೇ ಸೇರಿಸಿ ಕಟ್ಟಿದ್ದಾರೆ. ಇಡೀ ಬಿಲ್ಡಿಂಗೇ ಗ್ರೈಂಡರಿನ ಭಾಗವಾಗಿದೆ. ರಬ್ಬರ್ ಸಾಲದು, ಗ್ರೈಂಡರನ್ನು ಕಟ್ಟೆಯಿಂದಲೇ ಇಳಿಸಬೇಕು. ಕೆಳಗೆ ಬಲು ಭಾರದ ಒಂದು ತಳ, ಅದಕ್ಕೂ ಕೆಳಗೆ ಮೆತ್ತನೆಯ ಸ್ಪ್ರಿಂಗ್. ಗೋಡೆಗೆ, ಕಂಬಕ್ಕೆ ಯಾವುದೂ ತಾಗಕೂಡದು.

ಅವರು ಅವಲಕ್ಕಿ ಪೋಹೆ ಮಾಡಿಕೊಟ್ಟರು. ತಿನ್ನುತ್ತ ಅದೇ ತಟ್ಟೆಯ ಪಕ್ಕ ಲೆಕ್ಕ ಮಾಡಿದೆ. "ಬರೆಯುವಾಗ ಬಾಯಲ್ಲಿ ಪೆನ್ ಇಡಬೇಡ" ಎಂದು ಬೈಸಿಕೊಂಡೆ. ಎಷ್ಟು ದಿನವಾಗಿತ್ತು ಹೀಗೆ ಹಸಿವಾಗಿ.

ಜುಲೈ 21, ಸೋಮವಾರ

ಹಳಿಯ ಮೇಲೆ ನೀರು. ಲೋಕಲ್ ಇಲ್ಲ. ಮನೆಯಲ್ಲಿ ಕೂತು ಸ್ಪ್ರಿಂಗಿನ ಲೆಕ್ಕ ಮಾಡಿದೆ. ಅವ್ವ ಬಂದು ನೋಡಿ ಚಹಾ ಇಟ್ಟು ಹೋದಳು.

ಜುಲೈ 24, ಗುರುವಾರ

ಗುರಲಿಂಗಪ್ಪನವರು ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಕಬ್ಬಿಣದ ಪೆಟ್ಟಿಗೆಯಂಥ ತಳ, ಅದರೊಳಗೆ ತುಂಬಿದ ಕಾಂಕ್ರೀಟ್, ಕೆಳಗೆ ಹಳೆಯ ಸ್ಕೂಟರುಗಳಿಂದ ಬಿಚ್ಚಿದ ಸ್ಪ್ರಿಂಗ್. "ಇದನ್ನ ಎತ್ತವರು ಯಾರ? ಮೊದಲ ಅದನ್ನ ಲೆಕ್ಕಾ ಹಾಕಬೇಕಿತ್ತು ತಂಗಿ" ಎಂದು ಗೊಣಗುತ್ತಲೇ ಕೈಗಾಡಿಯನ್ನೂ ಆರು ಜನರನ್ನೂ ಅವರೇ ಹೊಂದಿಸಿದರು. ಧಾರಾವಿಯಿಂದ ದಾದರಿನವರೆಗೆ ಮಳೆಯಲ್ಲಿ ತಾಡಪತ್ರಿ ಹೊದಿಸಿಕೊಂಡು ನಮ್ಮ ಮೆರವಣಿಗೆ. ದಾರಿಯಲ್ಲಿ ಒಬ್ಬ ಮುದುಕ ಯಾವ ದೇವರು ಎಂದು ಕೈಮುಗಿದ.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕೂರಿಸಿದೆವು. ದೂಜಣ್ಣ ಸ್ವಿಚ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು, ಹೋದ ಸಲದ ನೆನಪಿಗೆ. ಗ್ರೈಂಡರ್ ಕೂತಲ್ಲೇ ಕೂತು ತಿರುಗಿತು. ಸದ್ದು ತಡೆಯಲು ಮಾಡಿಸಿದ್ದ ಹೊಸ ಮುಚ್ಚಳ ಹಾಕಿದ ಮೇಲೆ ಅಡುಗೆಮನೆಯಲ್ಲೂ ಅದರ ದನಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಯಿತು. ಜ್ಯೋತ್ಸ್ನಾ ತಾಯಿಗೆ ಫೋನ್ ಮಾಡಿದೆ.

"ಯಾವಾಗ ಹಚ್ತೀರಿ?" ಎಂದರು.

"ಹಚ್ಚಿ ಆಯ್ತು. ಈಗ ಓಡ್ತಾ ಇದೆ."

ಅವರು ಫೋನ್ ಹಿಡಿದುಕೊಂಡೇ ಚಮಚದ ಸ್ಟ್ಯಾಂಡಿನ ಹತ್ತಿರ ಹೋಗಿ ನಿಂತಿದ್ದರಂತೆ. "ಮಗೂ, ಇದು ನಿಜವಾಗಿ ಓಡ್ತಾ ಇದೆಯಾ?" ಎಂದು ಮತ್ತೆ ಕೇಳಿದರು. ವಾರಿಜಾ ಅಕ್ಕ ಎಲ್ಲರಿಗೂ ಕೇಸರಿಬಾತ್ ಹಂಚಿದರು. ನನಗೆ ಎರಡು ಪಾಲು.

ಜುಲೈ 25, ಶುಕ್ರವಾರ

ಬೆಳಿಗ್ಗೆ ಏಳೂವರೆಗೆ ವಾರಿಜಾ ಅಕ್ಕನ ಫೋನ್. "ಬಾ. ಬಂದು ಅದನ್ನು ತೆಗೆದು ಹಾಕು." ಅಷ್ಟೇ ಹೇಳಿ ಇಟ್ಟರು.

ಹೋಟೆಲಿನಲ್ಲಿ ಯಾರೂ ಎದ್ದಿರಲಿಲ್ಲ! ಆಳುಗಳೆಲ್ಲ ಮಲಗುವುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ದೂಜಣ್ಣ ಅಭ್ಯಾಸಬಲದಿಂದ ತಾವೇ ಎದ್ದು ಇಳಿದು ಗ್ರೈಂಡರ್ ಹಚ್ಚುತ್ತಾರೆ. ಆ ಸದ್ದಿಗೆ ಚಹಾದವನು, ದೋಸೆಯವನು, ಭಟ್ಟರು, ತಟ್ಟೆ ತೊಳೆಯುವವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮೂವತ್ತು ವರ್ಷದಿಂದ ಹಾಗೇ ನಡೆದು ಬಂದಿದೆ. ಇವತ್ತು ದೂಜಣ್ಣ ವಡೆಯ ಹಿಟ್ಟು ರುಬ್ಬಿದರು, ಚಟ್ನಿ ರುಬ್ಬಿದರು, ಮೇಲೆ ನೋಡಿದರೆ ಯಾರೂ ಅಲುಗಾಡಲಿಲ್ಲ. ಹಿಟ್ಟಿನ ಪಾತ್ರೆಯ ಮುಂದೆ ಕೈಕಟ್ಟಿ ಕೂತುಬಿಟ್ಟರಂತೆ. ಹೊರಗೆ ಹೂವಿನವರು ಮಳೆಯಲ್ಲಿ ಶಟರ್ ಬಡಿದು ಬಡಿದು ಎದುರಿನ ಅಂಗಡಿಗೆ ಹೋದರು. ಕಳವಾ ಎಂಬಲ್ಲಿರುವ ಮನೆಯಿಂದ ಏಳಕ್ಕೆ ಬಂದ ವಾರಿಜಾ ಅಕ್ಕನೇ ಶಟರ್ ತೆಗೆಸಬೇಕಾಯಿತು. ಜ್ಯೋತ್ಸ್ನಾ ತಾಯಿಯೂ ಹೊತ್ತೇರಿದ ಮೇಲೆ ಎದ್ದು, ಕೆಳಗೆ ಯಾರಿಗೋ ಏನೋ ಆಗಿದೆ ಎಂದು ಹೆದರಿ ಓಡಿ ಬಂದಿದ್ದರು.

"ಕೂಗಿ ಎಬ್ಬಿಸಬಾರದಿತ್ತೇನ್ರೀ ಅಣ್ಣಾ?" ಎಂದು ದೂಜಣ್ಣನನ್ನು ಕೇಳಿದೆ. ಸಿಟ್ಟೂ ಬಂದಿತ್ತು.

ಉತ್ತರ ಕೊಟ್ಟದ್ದು ವಾರಿಜಾ ಅಕ್ಕ. "ಇಲ್ಲಿ ಯಾರೂ ಯಾರನ್ನೂ ಎಬ್ಬಿಸ್ಲಿಕ್ಕಿಲ್ಲ. ಮಾವನವರ ಕಾಲದಿಂದ ಹಾಗೆ. ಅವರು ಸಣ್ಣ ಪ್ರಾಯದಲ್ಲಿ ಊರಿಂದ ಬಂದು ಬೇರೆ ಹೋಟೆಲಲ್ಲಿ ಇದ್ದದ್ದು. ಅಲ್ಲಿಯ ಧಣಿ ದಿನಾ ಕಾಲಲ್ಲಿ ಒದ್ದು ಎಬ್ಬಿಸುದು. ತನ್ನ ಹೋಟೆಲ್ ಮಾಡಿದ ದಿನವೇ ಹೇಳಿದ್ರಂತೆ, ಇಲ್ಲಿ ಮಲಗಿದವನ ಮೈ ಮುಟ್ಟಬಾರದು, ಹೆಸರು ಹಿಡಿದು ಕೂಗಬಾರದು. ಗ್ರೈಂಡರ್ ಹಚ್ಚಿ, ಅವರವರೇ ಏಳ್ತಾರೆ ಅಂತ."

ಲೈಟ್ ಹಾಕಿದರೆ ಚಾದರ ಎಳೆದುಕೊಳ್ಳುತ್ತಾರೆ. ಫೋನಿನ ಅಲಾರಂ ಬಡಿದರೆ ಬೇರೆಯವನದು ಎಂದು ಎಲ್ಲರೂ ಮಲಗುತ್ತಾರೆ. ಒಬ್ಬನಿಗೆ ಎಬ್ಬಿಸುವ ಕೆಲಸ ಕೊಟ್ಟರೆ? "ಎಬ್ಬಿಸುವವನು ಮರುದಿನದಿಂದ ಧಣಿ ಆಗ್ತಾನೆ. ನಾನು ನೋಡಿದ್ದೇನೆ ಬೇರೆ ಕಡೆ" ಎಂದರು ಅಕ್ಕ.

ಸದ್ದು ಯಾರಿಗೆ ಬೇಡ ಎಂದು ನಾನು ಕೇಳಿದ್ದೆ. ಯಾರಿಗೆ ಬೇಕು ಎಂದು ಕೇಳಿರಲಿಲ್ಲ. ಲೋಕಲ್‌ನಲ್ಲಿ ನಿಂತುಕೊಂಡೇ ವೈಶಾಲಿ ಮೇಡಂಗೆ ಬರುತ್ತೇನೆ ಎಂದು ಮೆಸೇಜ್ ಬರೆದೆ. ಕಳಿಸಲಿಲ್ಲ. ಠಾಣೆಯ ಹತ್ತಿರ ಸಿಗ್ನಲ್ ಹೋಯಿತು, ಆಮೇಲೆ ಅಳಿಸಿದೆ. 31ರವರೆಗೆ ಸಮಯವಿದೆಯಲ್ಲ. ತಳ ಎತ್ತುವ ಜನ ಸಿಗುವುದು ಸೋಮವಾರವೇ, ಆಗ ತೆಗೆಯಲು ಬರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಬೆಳಗಿನ ತಿಂಡಿ ತಡವಾಗಿಯೇ. ಬಹಳ ಬೇಸರವಾಗಿದೆ.

ಜುಲೈ 27, ಭಾನುವಾರ

ಸೊಸೈಟಿಯ ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಟೆರೇಸಿನ ತಗಡಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ವಾರಿಜಾ ಅಕ್ಕ ಎದ್ದು, ಸದ್ದಿಲ್ಲದ ಮಷಿನ್ ತಮ್ಮ ಹೋಟೆಲಿಗೆ ಸರಿಹೋಗಲಿಲ್ಲ, ನಾಳೆ ತೆಗೆಸುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು. ಎರಡು ದಿನ ಸುಮ್ಮನಿದ್ದು ಒಪ್ಪಿಗೆ ಪಡೆಯಬಹುದಿತ್ತು. ಅವರು ಹಾಗೆ ಮಾಡುವವರಲ್ಲ.

ಠರಾವಿಗೆ ಕೈ ಎತ್ತುವ ಮೊದಲು ಜ್ಯೋತ್ಸ್ನಾ ತಾಯಿ ಎದ್ದರು. "ಮೂರು ದಿನ ಮಲಗಿದೆ. ನನ್ನ ಪಾಲಿಗೆ ಹುಡುಗಿ ಪಾಸು. ಹೋಟೆಲಿನವರ ಪಾಲಿಗೆ ಅರ್ಧ ಬಾಕಿ ಇದೆ. ಅರ್ಧ ಬರೆದ ಪೇಪರ್ ನಾನು ಯಾವತ್ತೂ ಕಸಿದುಕೊಂಡವಳಲ್ಲ. ತಿಂಗಳ ಕೊನೆಯವರೆಗೆ ಬಿಡಿ." ಸೆಕ್ರೆಟರಿ ಅವರ ಹಳೆಯ ವಿದ್ಯಾರ್ಥಿಯಂತೆ. ಬಿಟ್ಟರು.

ಇಳಿಯುವಾಗ ವಾರಿಜಾ ಅಕ್ಕ ನನ್ನ ಕೈ ಹಿಡಿದರು. "ನನ್ನವರು ತಾವಾಗಿ ಏಳ್ಬೇಕು. ಅಷ್ಟು ಮಾಡಿದ್ರೆ ಇದನ್ನು ಇಟ್ಕೊಳ್ತೇನೆ. ಇಲ್ಲದಿದ್ರೆ ಬೇಡ. ಬೆಳಗಿನ ವ್ಯಾಪಾರ ಹೋದ್ರೂ ಬೇಡ."

ಜುಲೈ 29, ಮಂಗಳವಾರ

ಇವತ್ತು ಅಟ್ಟಕ್ಕೆ ಹತ್ತಿ, ಯಾರು ಎಲ್ಲಿ ಮಲಗುತ್ತಾರೆ, ಯಾರ ನಿದ್ದೆ ಗಟ್ಟಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮೊದಲು ನಾಚಿಕೊಂಡರು. ನಿದ್ದೆಯ ಬಗ್ಗೆ ಅವರನ್ನು ಯಾರೂ ಕೇಳಿದ್ದಿಲ್ಲವಂತೆ. ಭಟ್ಟರು ಗೋಡೆಯ ಕಡೆ, ಬೆನ್ನುನೋವು. ದೋಸೆಯ ಸುಕೇಶ್‌ಗೆ ಗಾಳಿ ಬೇಕು, ಕಿಂಡಿಯ ಹತ್ತಿರ. ತಟ್ಟೆ ತೊಳೆಯುವ ಬಸು ಧಾರವಾಡದ ಕಡೆಯವನು. "ಅಕ್ಕಾರ, ನನ್ನ ಮ್ಯಾಲೆ ಲಾರಿ ಹೋದ್ರೂ ಎಚ್ಚರಾಗಾಂಗಿಲ್ರಿ. ಗ್ರೈಂಡರಿಗೆ ಮಾತ್ರ ಆಕ್ಕಿತ್ರಿ, ಹಲಿಗಿ ನಡಗ್ತಿತ್ತಲ್ರಿ" ಎಂದ.

ಹಲಗೆ ನಡುಗುತ್ತಿತ್ತು! ನಾನು ಅಟ್ಟದ ಕೆಳಗೆ ತೂರಿ ನೋಡಿದೆ. ಅಟ್ಟ ನಿಂತಿರುವುದು ತನ್ನದೇ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ. ಬಿಲ್ಡಿಂಗಿನ ಕಂಬಕ್ಕೂ ಅದಕ್ಕೂ ಸಂಬಂಧವಿಲ್ಲ; ಮೊದಲೆಲ್ಲ ನೆಲವೇ ನಡುಗಿ ಆ ಕಾಲುಗಳಿಗೆ ಹತ್ತುತ್ತಿತ್ತು. ಹಾಗಾದರೆ ಗ್ರೈಂಡರಿನಿಂದ ಅಟ್ಟದ ಕಾಲಿಗೆ ಒಂದೇ ಒಂದು ಸಲಾಕೆ ಕೊಟ್ಟರೆ ಸಾಕು. ನಡುಕ ಅಟ್ಟಕ್ಕೆ ಹೋಗುತ್ತದೆ, ಮೇಲಿನ ಮನೆಗಳಿಗೆ ಹೋಗುವುದಿಲ್ಲ. ಇಷ್ಟು ವರ್ಷ ಸದ್ದನ್ನು ಕೊಲ್ಲುವುದೇ ಕೆಲಸವಾಗಿತ್ತು; ಬೇಕಾದವರಿಗೆ ಅದನ್ನು ತಲುಪಿಸುವುದು ಹೇಗೆಂದು ಯೋಚಿಸುತ್ತ ದಾದರ್ ಸ್ಟೇಷನ್ನಿನಲ್ಲಿ ಎರಡು ಲೋಕಲ್ ಬಿಟ್ಟೆ.

ಜುಲೈ 30, ಬುಧವಾರ

ಸಲಾಕೆ ಹಾಕಿದೆವು. ಮೊದಲ ಸಲ ಅಟ್ಟದ ಮೇಲಿನ ಟ್ರಂಕುಗಳೆಲ್ಲ ಕುಣಿದವು, ಭಟ್ಟರ ಕನ್ನಡಕ ಕೆಳಗೆ ಬಿತ್ತು. ಸಲಾಕೆಯ ತುದಿಗೆ ಬಟ್ಟೆ ಸುತ್ತಿದರೆ ಏನೂ ತಲುಪಲಿಲ್ಲ. ಗುರಲಿಂಗಪ್ಪನವರು ಧಾರಾವಿಯ ಪಕ್ಕದ ಅಂಗಡಿಗೆ ಹೋಗಿ ಚರ್ಮದ ತುಂಡುಗಳನ್ನು ತಂದರು. ಒಂದೊಂದೇ ಬಿಲ್ಲೆ ಕತ್ತರಿಸಿ ಸಲಾಕೆಯ ತುದಿಗೆ ಕೊಡುತ್ತ ಹೋದೆವು. ಒಂದು ಹೆಚ್ಚು, ಒಂದು ಕಡಿಮೆ. ಬಸು ಅಟ್ಟದಲ್ಲಿ ಮಲಗಿ "ಇನ್ನೊಂದೀಟು", "ಸಾಕ್ರೀ" ಎಂದು ಕೂಗುತ್ತಿದ್ದ. ಕೊನೆಗೆ ಉತ್ತರವೇ ಬರಲಿಲ್ಲ. ಹೋಗಿ ನೋಡಿದರೆ ನಿದ್ದೆ ಹೋಗಿದ್ದಾನೆ. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಇವತ್ತು ಜ್ಯೋತ್ಸ್ನಾ ತಾಯಿಯ ಮನೆಯಲ್ಲೇ ಉಳಿದಿದ್ದೇನೆ, ಬೆಳಿಗ್ಗೆ ಕೆಳಗಿಳಿಯಲು. ಅವರು ಬೇಗ ಮಲಗು ಎಂದು ಲೈಟ್ ಆರಿಸಲು ಕಾಯುತ್ತಿದ್ದಾರೆ.

ಜುಲೈ 31, ಗುರುವಾರ

ನಾಲ್ಕೂವರೆಗೆ ಅಡುಗೆಮನೆಯಲ್ಲಿ ದೂಜಣ್ಣ, ವಾರಿಜಾ ಅಕ್ಕ, ನಾನು. ಅಕ್ಕ ಮನೆಯಿಂದ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ದೂಜಣ್ಣ ಕಲ್ಲಿಗೆ ಕೈಮುಗಿದು ಸ್ವಿಚ್ ಒತ್ತಿದರು.

ಗ್ರೈಂಡರ್ ತಿರುಗಿತು. ನಾನು ಅಟ್ಟದ ಕಡೆ ನೋಡುತ್ತ ನಿಂತೆ. ಏನೂ ಆಗಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಒಂದು ಕೆಮ್ಮು. ಕಿಂಡಿಯ ಹತ್ತಿರ ಒಂದು ಕೈ ಎದ್ದು ಅಂಗಿಗಾಗಿ ತಡಕಾಡಿತು. ಯಾರೋ ಆಕಳಿಸಿದರು, ಯಾರೋ ರಾಮ ರಾಮ ಎಂದರು. ಏಣಿಯ ಮೇಲೆ ಒಂದು ಪಾದ ಕಾಣಿಸಿತು, ಅದರ ಹಿಂದೆ ಇನ್ನೊಂದು. ಒಬ್ಬರನ್ನೂ ಯಾರೂ ಕರೆಯಲಿಲ್ಲ. ಎಲ್ಲರಿಗಿಂತ ಕೊನೆಗೆ ಬಸು ಇಳಿದು, ನಮ್ಮನ್ನು ನೋಡಿ ಬೆಚ್ಚಿ, "ಏನಾತ್ರಿ? ಎಲ್ಲಾರೂ ಯಾಕ ನಿಂತೀರಿ?" ಎಂದು ಕೇಳಿದ.

ವಾರಿಜಾ ಅಕ್ಕ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಚಾ ಇಡಿ, ಎಂತ ನೋಡುದು?" ಎಂದು ಗದರಿದರು. ಮೇಲಿನ ಮನೆಗಳಲ್ಲಿ ಒಂದು ಲೈಟೂ ಹತ್ತಿರಲಿಲ್ಲ. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಅತ್ತೆ. ಸುಖಕ್ಕೇ ಅತ್ತದ್ದು, ಬೇರೇನೂ ಅಲ್ಲ. ಬಾಣಲೆಯಿಂದ ತೆಗೆದ ಮೊದಲ ವಡೆ ನನಗೇ ಕೊಟ್ಟರು. ಬಿಸಿಗೆ ನಾಲಿಗೆ ಸುಟ್ಟಿತು.

ಹಣ ಕೊಡುವಾಗ ಅಕ್ಕ ಚೌಕಾಸಿ ಮಾಡಿದರು. ನಾನೂ ಬಿಡಲಿಲ್ಲ. ಮುಲುಂಡಿನಲ್ಲಿರುವ ಅವರ ನಾದಿನಿಯ ಹೋಟೆಲಿಗೆ ನಾಳೆಯೇ ಹೋಗಬೇಕಂತೆ. ಅಲ್ಲಿ ಮೇಲೆ ಡಾಕ್ಟರರ ದವಾಖಾನೆ ಇದೆಯಂತೆ. ಅಲ್ಲಿಯವರು ಎಲ್ಲಿ ಮಲಗುತ್ತಾರೆ, ಹೇಗೆ ಏಳುತ್ತಾರೆ, ಮೊದಲು ಅದನ್ನು ಕೇಳಬೇಕು.

ಆಗಸ್ಟ್ 1, ಶುಕ್ರವಾರ

ಮುಲುಂಡಿನ ಅಡುಗೆಮನೆ ಇನ್ನೂ ಇಕ್ಕಟ್ಟು. ಇಲ್ಲಿಯ ಆಳುಗಳು ಮಲಗುವುದು ಹೋಟೆಲಿನಲ್ಲಲ್ಲ, ಎರಡು ಗಲ್ಲಿ ಆಚೆ. ಅವರಿಗೆ ಗ್ರೈಂಡರಿನ ಹಂಗಿಲ್ಲ. ಆದರೆ ತಳ ಬಾಗಿಲಲ್ಲಿ ತೂರುವುದಿಲ್ಲ, ಎರಡು ಭಾಗ ಮಾಡಿ ಒಳಗೆ ಜೋಡಿಸಬೇಕು. ಅಮೋಲ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಬಸುವಿನ ಕತೆಗೆ ಬಿದ್ದು ಬಿದ್ದು ನಕ್ಕು, ಮೋಟಾರಿನ ವೇಗವನ್ನು ನಿಧಾನವಾಗಿ ಏರಿಸುವ ಸ್ವಿಚ್ ಮಾಡಿಕೊಡುತ್ತೇನೆ ಎಂದ. ಕೊಡಲಿ. ಪುಣೆ ಏನು ದೂರ.

ಮಧ್ಯಾಹ್ನ ನಾನು ಗ್ರೈಂಡರಿನ ಅಡಿಯಲ್ಲಿ ಮಲಗಿ ಅಳತೆ ತೆಗೆಯುತ್ತಿದ್ದಾಗ ಫೋನ್ ಬಂತು. ಕೈ ತುಂಬ ಮಸಿ, ಅಲ್ಲಿಯ ಅಡುಗೆಯವರು ಫೋನನ್ನು ನನ್ನ ಕಿವಿಗೆ ಹಿಡಿದರು. ವೈಶಾಲಿ ಮೇಡಂ. "ಸೌಮ್ಯಾ, ನಿನ್ನೆ 31 ಆಗಿತ್ತು. ಇಡೀ ದಿನ ಕಾದೆ." ಆಣೆ ಮಾಡಿ ಹೇಳುತ್ತೇನೆ, ನನಗೆ ನೆನಪೇ ಇರಲಿಲ್ಲ. ಕ್ಷಮೆ ಕೇಳಿದೆ. ಆಯಿತು, ಬರುತ್ತೀಯೋ ಇಲ್ಲವೋ ಅಷ್ಟು ಹೇಳು ಎಂದರು. "ಮೇಡಂ, ಐದು ನಿಮಿಷ, ಮಷಿನ್ ಎತ್ತಿ ಹಿಡಿದಿದ್ದಾರೆ, ಕೆಳಗಿನಿಂದ ಹೊರಗೆ ಬಂದು ಫೋನ್ ಮಾಡ್ತೀನಿ" ಎಂದೆ.

ಹೊರಗೆ ಬಂದೆ, ಕೈ ತೊಳೆದೆ, ಊಟ ಮಾಡಿದೆ, ಬಾಗಿಲಿನ ಅಳತೆ ಮತ್ತೊಮ್ಮೆ ತೆಗೆದೆ, ಲೋಕಲ್ ಹತ್ತಿ ಮನೆಗೂ ಬಂದೆ. ಫೋನ್ ಮಾಡುವುದು ಈಗ ಬರೆಯುವಾಗ ನೆನಪಾಯಿತು. ಪಾಪ, ನನ್ನ ಬಗ್ಗೆ ಕಾಳಜಿ ಇದ್ದವರು, ಹೀಗೆ ಮಾಡಬಾರದಿತ್ತು. ಬರುವುದಿಲ್ಲ ಎಂದು ನಾಳೆ ಸರಿಯಾಗಿ ಹೇಳಬೇಕು, ಮುಲುಂಡಿಗೆ ಹೊರಡುವ ಮೊದಲೇ ಫೋನ್ ಮಾಡಬೇಕು. ಬೇಡ, ನಾಳೆ ಶನಿವಾರ, ಅವರಿಗೆ ರಜೆ. ಹತ್ತರ ಮೇಲೆ ಮಾಡುತ್ತೇನೆ. ಮಲಗಿರಲಿ.